ಮಂಗಳೂರಿನ ಅತಿ ಹಳೆಯ ಪ್ರೊಟೆಸ್ಟೆಂಟ್ ಚರ್ಚ್ ಯಾವುದು? ಬಲ್ಮಠದ ಶಾಂತಿ ಕೆಥೆಡ್ರಲ್‌ನಲ್ಲಿ ಎಂತ ತೋರಿಸುವುದು?

ನಡಿಗೆದಾರ
ನಮ್ಮ ಆಫೀಸಿನವರಿಗೆ ಮಂಗಳೂರಿನ ಹಳೆ ಜಾಗಗಳನ್ನು ನಡೆಸಿಕೊಂಡು ಹೋಗಿ ತೋರಿಸುವ ಕೆಲಸ ನನ್ನ ತಲೆಗೆ ಬಿದ್ದಿದೆ. ಹೆಚ್ಚಿನವರು ದಾವಣಗೆರೆ, ಹಾಸನ ಕಡೆಯವರು. ಭಾನುವಾರ ಬೆಳಿಗ್ಗೆ ಶುರು ಮಾಡಿ ಊಟದ ಹೊತ್ತಿಗೆ ಮುಗಿಸಬೇಕು.

ಅಲೋಶಿಯಸ್ ಚಾಪೆಲ್ ಬಗ್ಗೆ ನನಗೆ ಚಿಂತೆ ಇಲ್ಲ. ಒಳಗೆ ಕರೆದುಕೊಂಡು ಹೋದರೆ ಸಾಕು. ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಗೋಡೆ, ಚಾವಣಿ ಎಲ್ಲ ತುಂಬಿಸಿಟ್ಟಿದ್ದಾರೆ, ಜನ ತಲೆ ಎತ್ತಿ ನೋಡ್ತಾ ಇರ್ತಾರೆ. ನನ್ನ ಮಾತು ಯಾರಿಗೂ ಬೇಡ.

ತಲೆಬಿಸಿ ಬಲ್ಮಠದ ಶಾಂತಿ ಕೆಥೆಡ್ರಲ್‌ದು. 1862ರದ್ದು ಅಂತ ಪಟ್ಟಿಗೆ ಸೇರಿಸಿದ್ದೇನೆ. ಆದರೆ ಒಳಗೆ ಮೂರ್ತಿ ಇಲ್ಲ, ಚಿತ್ರ ಇಲ್ಲ. ಸಾದಾ ಗೋಡೆ, ಬೆಂಚು, ಶಿಲುಬೆ. ಹಾಸನದವರು ಬೇಲೂರು ನೋಡಿ ಬೆಳೆದವರು, ಅವರ ಮುಂದೆ ನಿಂತು ಎಂತ ಹೇಳಲಿ? ಇನ್ನೊಂದು, ಇದೇ ಊರಿನ ಅತಿ ಹಳೆಯ ಪ್ರೊಟೆಸ್ಟೆಂಟ್ ಚರ್ಚ್ ಅಂತ ಧೈರ್ಯವಾಗಿ ಹೇಳಬಹುದಾ?

ಕಡಲತಡಿ
ಹೇಳಬೇಡಿ. ನೆಹರು ಮೈದಾನದ ಹತ್ತಿರ ಇರುವ ಸೇಂಟ್ ಪಾಲ್ಸ್ 1843ರದ್ದು. ಹತ್ತೊಂಬತ್ತು ವರ್ಷ ಹಿರಿಯ. ಮುಗೀತು, ಚರ್ಚೆ ಬಂದ್ ಮಾಡಿ.

ಬಲ್ಮಠದವಳು
ಅಷ್ಟು ಬೇಗ ಬಂದ್ ಮಾಡಬೇಡಿ ಮಾರಾಯ್ರೆ.

ಸೇಂಟ್ ಪಾಲ್ಸ್ ಕಟ್ಟಿದ್ದು ಬ್ರಿಟಿಷ್ ಅಧಿಕಾರಿಗಳಿಗೆ, ಸೈನಿಕರಿಗೆ. ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಸಭೆಯ ಚರ್ಚ್, ಆರಾಧನೆ ಇಂಗ್ಲಿಷಿನಲ್ಲಿ. ಕಚೇರಿ, ಮೈದಾನ, ಬಂದರು ಎಲ್ಲ ಅಲ್ಲೇ ಪಕ್ಕದಲ್ಲಿ. ಅವರಿಗೆ ಬೇಕಾದ ಜಾಗದಲ್ಲೇ ಕಟ್ಟಿಕೊಂಡರು. ಬಲ್ಮಠದ್ದು ಊರಿನವರ ಸಭೆ, ಅಂದರೆ ಒಟ್ಟಿಗೆ ಆರಾಧನೆ ಮಾಡುವ ಜನ. ತುಳು, ಕನ್ನಡ ಮಾತಾಡುವವರು ಬಂದು ಕೂತ ಚರ್ಚ್. ಆ ಸಭೆ 1862ಕ್ಕಿಂತ ಎಷ್ಟೋ ಹಳೆಯದು. ಅದನ್ನು ಶುರು ಮಾಡಿದ್ದು ಬಾಸೆಲ್ ಮಿಷನ್, ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆ. ಅಲ್ಲಿಂದ ಬಂದ ಮೊದಲ ಮೂವರು ಸಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್. ಅವರು ಮಂಗಳೂರಿಗೆ ಬಂದದ್ದು 1834ರ ಅಕ್ಟೋಬರ್‌ನಲ್ಲಿ. ಕಟ್ಟಡದ ವಯಸ್ಸು ಕೇಳುತ್ತೀರೋ, ಸಭೆಯ ವಯಸ್ಸು ಕೇಳುತ್ತೀರೋ ಮೊದಲು ತೀರ್ಮಾನ ಮಾಡಿ.

ಕಡಲತಡಿ
ಅವರು ಕೇಳಿದ್ದು ಚರ್ಚ್. ಚರ್ಚ್ ಅಂದರೆ ನನಗೆ ಕಲ್ಲು, ಗಾರೆ, ಮೇಲಿನ ಮಾಡು (ಚಾವಣಿ). ಅದು ಸೇಂಟ್ ಪಾಲ್ಸ್‌ದೇ ಹಳೆಯದು.

ಬಲ್ಮಠದವಳು
ಹಾಗಾದರೆ ನಿಮ್ಮ ಮನೆ ರಿಪೇರಿ ಮಾಡಿದ ವರ್ಷವೇ ನಿಮ್ಮ ಮನೆತನ ಶುರುವಾದ ವರ್ಷ ಅಂತ ಆಯ್ತು. 🙂

ಮಿಜಾರು ಮೇಷ್ಟ್ರು
ಇಬ್ಬರ ಮಾತೂ ನಿಲ್ಲುತ್ತದೆ. ಆದರೆ ನಡಿಗೆದಾರರೇ, ಹೇಳುವುದಕ್ಕೆ ಎಂತ ಉಂಟು ಅಂತ ಕೇಳಿದ್ರಲ್ಲ, 1834 ಯಾಕೆ ಅಂತಲೇ ಶುರು ಮಾಡಿ.

ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳು ಅಂದರೆ ಮೊದಲಿನಿಂದ ಆಗುತ್ತಿರಲಿಲ್ಲ. ಧರ್ಮದ ವಿಷಯಕ್ಕೆ ಕೈ ಹಾಕಿ ಜನ ಎದ್ದರೆ ವ್ಯಾಪಾರ ಹಾಳು ಅನ್ನುವ ಲೆಕ್ಕ. 1813ರ ಚಾರ್ಟರ್ ಕಾಯ್ದೆಯಲ್ಲಿ ಬ್ರಿಟಿಷ್ ಮಿಷನರಿಗಳಿಗೆ ಬಾಗಿಲು ತೆರೆಯಿತು. 1833ರ ಕಾಯ್ದೆಯ ನಂತರ ಬೇರೆ ದೇಶದವರಿಗೂ ಅವಕಾಶ ಸಿಕ್ಕಿತು. ಬಾಸೆಲ್ ಮಿಷನ್ 1815ರಲ್ಲೇ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿತ್ತು. ಅಲ್ಲಿ ತರಬೇತಾದವರಲ್ಲಿ ದಕ್ಷಿಣ ಜರ್ಮನಿಯ ಹುಡುಗರೇ ಜಾಸ್ತಿ. ಕಾಯ್ದೆ ಸಡಿಲವಾದ ಮರುವರ್ಷವೇ ಹಡಗು ಹತ್ತಿ ಬಂದರು. ಮೊದಲು ಕಲ್ಲಿಕೋಟೆ, ಅಲ್ಲಿಂದ ಮಂಗಳೂರು. ಭಾರತದಲ್ಲಿ ಅವರ ಮೊದಲ ಠಾಣೆ ನಮ್ಮ ಊರು.

ಇದನ್ನು ಹೇಳಿದರೆ ಇನ್ನೊಂದು ಗೊಂದಲವೂ ಹೋಗುತ್ತದೆ. ಬ್ರಿಟಿಷರ ಆಳ್ವಿಕೆಯ ಊರಿನಲ್ಲಿ ಜರ್ಮನ್ ಪಾದ್ರಿಗಳು ಎಲ್ಲಿಂದ ಬಂದರು ಅಂತ ಹೊರಗಿನವರು ಕೇಳಿಯೇ ಕೇಳುತ್ತಾರೆ.

ಪ್ರಶ್ನಾರ್ಥಕ
ಬಂದದ್ದು ಮತಾಂತರಕ್ಕೆ ಅಂತಲೂ ಹೇಳಿ. ಅದನ್ನು ಮಾತ್ರ ಎಲ್ಲರೂ ನುಂಗಿಬಿಡ್ತೀರಿ.

ಮಿಜಾರು ಮೇಷ್ಟ್ರು
ಯಾರು ನುಂಗಿದರು? ಮಿಷನ್ ಅಂತ ಹೆಸರೇ ಇಟ್ಟುಕೊಂಡು ಬಂದವರು. ಅದನ್ನು ಅವರು ಮುಚ್ಚಿಡಲೂ ಇಲ್ಲ. ಊರಿನಲ್ಲಿ ಗಲಾಟೆಯೂ ಆಗಿದೆ. ಆನಂದರಾವ್ ಕೌಂಡಿನ್ಯ ಅಂತ ಮಂಗಳೂರಿನ ಸಾರಸ್ವತ ಹುಡುಗ 1844ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಾಗ ಊರು ಕುದಿಯಿತು. ಅವರು ಆಮೇಲೆ ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಪಾದ್ರಿಯಾಗಿ ಹಿಂತಿರುಗಿದರು. ಇಲ್ಲಿನ ಹುಡುಗರಿಗೆ ಪಾಠ ಹೇಳಿದರು.

ಆದರೆ ಸಭೆಗೆ ಸೇರಿದವರಲ್ಲಿ ಅಂಥವರು ಬೆರಳೆಣಿಕೆ. ಹೆಚ್ಚಿನವರು ತುಳು ಮಾತಾಡುವ ದುಡಿಯುವ ಜನ, ಬಿಲ್ಲವರು ಅದರಲ್ಲಿ ಜಾಸ್ತಿ. ಸೇರಿದ ಕೂಡಲೇ ಮನೆ, ಗುತ್ತಿಗೆಯ ಗದ್ದೆ, ಕಸುಬು ಎಲ್ಲ ಕೈಬಿಡುತ್ತಿತ್ತು. ಅವರಿಗೆ ಅನ್ನಕ್ಕೆ ದಾರಿ ಬೇಕಾಯಿತು. ಮಗ್ಗ, ಪ್ರೆಸ್, ಹೆಂಚಿನ ಕಾರ್ಖಾನೆ ಬಂದದ್ದು ಆ ಒತ್ತಡದಿಂದ.

ಪ್ರಶ್ನಾರ್ಥಕ
ಅಂದರೆ ಕೆಲಸ ಕೊಟ್ಟು ಹಿಡಿದಿಟ್ಟುಕೊಂಡರು.

ಮಿಜಾರು ಮೇಷ್ಟ್ರು
ಹಾಗೂ ಹೇಳಬಹುದು. ಆ ಕಾಲದ ಮಿಷನ್ನಿನೊಳಗೇ ಈ ಜಗಳ ಇತ್ತು. ನಾವು ಬಂದದ್ದು ಸುವಾರ್ತೆಗೋ, ಕಾರ್ಖಾನೆ ನಡೆಸುವುದಕ್ಕೋ ಅಂತ ಕೇಳಿದವರೂ ಇದ್ದರು. ಕೆಲಸ ಕೊಟ್ಟವನೂ ಅವನೇ, ಭಾನುವಾರ ಶಿಸ್ತು ಹೇಳುವವನೂ ಅವನೇ ಆದರೆ ಕೆಲಸಗಾರನಿಗೆ ಉಸಿರುಗಟ್ಟುವುದು ಸಹಜ. ಇದನ್ನೂ ನಡಿಗೆಯಲ್ಲಿ ಹೇಳಿ, ಜನ ಕಿವಿ ಕೊಡ್ತಾರೆ.

ಜೆಪ್ಪು ಬಾಯ್
ನಮ್ಮ ಅಜ್ಜ ಹೆಂಚಿನ ಕಾರ್ಖಾನೆಯಲ್ಲಿ ಇದ್ದವರು. ಸೈರನ್ ಆದರೆ ಓಣಿಯಲ್ಲಿ ಇದ್ದ ಎಲ್ಲ ಮನೆಯಲ್ಲೂ ಗಂಜಿ ತಟ್ಟೆ ಇಡ್ತಿದ್ರಂತೆ. ಉಸಿರುಗಟ್ಟಿದ ಕಥೆ ಅವರು ಹೇಳಿದ್ದು ಕಡಿಮೆ. ಬೆಳೆ ಹಬ್ಬದ ಏಲಂ ಕಥೆ ಹೇಳಿದ್ದೇ ಜಾಸ್ತಿ.

ಹಳೆಹಂಚು
ಹೆಂಚಿನ ಮಾತು ಬಂತಲ್ಲ, ನಾನು ಬಂದೆ. ಹಳೆ ಮನೆ ಕೆಡವುವ ಕಡೆಯಿಂದ ಹೆಂಚು, ಬಾಗಿಲು, ಪಕ್ಕಾಸು ತರುವುದು ನನ್ನ ಕಸುಬು.

ನಡಿಗೆದಾರರೇ, ನಿಮ್ಮ ಗುಂಪಿನಲ್ಲಿ ಯಾರಾದರೂ ಒಬ್ಬರು ಖಂಡಿತ ಹೇಳುತ್ತಾರೆ: ‘ಬಾಸೆಲ್ ಮಿಷನ್, 1865 ಅಂತ ಅಚ್ಚಿರುವ ಹೆಂಚು ನಮ್ಮ ಮನೆಯಲ್ಲೂ ಉಂಟು, ನೂರೈವತ್ತು ವರ್ಷದ್ದು’. ನನ್ನ ಹತ್ತಿರ ವಾರಕ್ಕೊಬ್ಬರು ಅದೇ ಮಾತು ಹೇಳಿಕೊಂಡು ಬರ್ತಾರೆ. 1865 ಕಾರ್ಖಾನೆ ಶುರುವಾದ ವರ್ಷ. ಆ ಮುದ್ರೆಯನ್ನು ಆಮೇಲೆ ಎಷ್ಟೋ ವರ್ಷ ಹಾಕುತ್ತಲೇ ಹೋದರು. ಹೆಂಚು ಯಾವಾಗ ಸುಟ್ಟದ್ದು ಅಂತ ಅದರಿಂದ ಗೊತ್ತಾಗುವುದಿಲ್ಲ.

ಈಗ ಇದನ್ನು ಚರ್ಚಿಗೆ ಹಚ್ಚಿ ನೋಡಿ. ಶಾಂತಿ ಕೆಥೆಡ್ರಲ್ 1862. ಕಾರ್ಖಾನೆ 1865. ಅಂದರೆ ಮಂಗಳೂರು ಹೆಂಚು ಹುಟ್ಟುವ ಮೊದಲೇ ಬಾಸೆಲ್ ಮಿಷನ್ನಿನ ಈ ಚರ್ಚ್ ಎದ್ದಿತ್ತು!

ಕಡಲತಡಿ
ಕಾರ್ಖಾನೆ 1860 ಅಂತ ಎಷ್ಟೋ ಕಡೆ ಬರೆದಿದ್ದಾರೆ.

ಹಳೆಹಂಚು
ಬರೆದಿದ್ದಾರೆ. ಆದರೆ ಕಾರ್ಖಾನೆಯವರು ತಮ್ಮ ಹೆಂಚಿನ ಮೇಲೆ ತಾವೇ ಒತ್ತಿದ್ದು 1865. ನಾನು ಅದನ್ನೇ ನಂಬುತ್ತೇನೆ. ಯಾವ ಕಂಪನಿಯೂ ತನ್ನ ವಯಸ್ಸು ಐದು ವರ್ಷ ಕಡಿಮೆ ಮಾಡಿ ಹೇಳುವುದಿಲ್ಲ.

ನಡಿಗೆದಾರ
ಇದು ಒಳ್ಳೆಯದಾಯ್ತು. ಹಾಗಾದರೆ ಮೊದಲು ಈ ಊರಿನ ಮಾಡಿಗೆ ಎಂತ ಹಾಕ್ತಾ ಇದ್ರು?

ಹಳೆಹಂಚು
ಬಡವರಿಗೆ ಮುಳಿಹುಲ್ಲು, ತೆಂಗಿನ ಮಡಲು. ಸ್ವಲ್ಪ ಇದ್ದವರಿಗೆ ಕೈಯಲ್ಲಿ ಮಾಡಿದ ನಾಡಹೆಂಚು. ನಾಡಹೆಂಚು ಒಂದರ ಮೇಲೊಂದು ಸುಮ್ನೆ ಕೂತಿರುತ್ತದೆ, ಹಿಡಿತ ಇಲ್ಲ. ಪದರ ಪದರ ಹೊದೆಸಬೇಕು. ಭಾರ ಜಾಸ್ತಿ, ಅದಕ್ಕೆ ಮರ ಜಾಸ್ತಿ. ಬೆಕ್ಕು ಓಡಿದರೆ ಜಾರುತ್ತದೆ, ಪ್ರತಿ ಮಳೆಗಾಲದ ಮುಂಚೆ ಹೊಸದಾಗಿ ಜೋಡಿಸಬೇಕು.

ಪ್ಲೆಬ್ಸ್ಟ್ ಅಂತ ಒಬ್ಬರು, ಜಾರ್ಜ್ ಪ್ಲೆಬ್ಸ್ಟ್, ಮೊದಲು ಪ್ರೆಸ್ಸಿನ ಕೆಲಸ ನೋಡುತ್ತಿದ್ದವರು. ಯಂತ್ರ ಗೊತ್ತಿದ್ದ ಮನುಷ್ಯ. ಅವರು ನೇತ್ರಾವತಿ ದಡದ ಆವೆ ಮಣ್ಣು ಹಿಡಿದು ಜೆಪ್ಪುವಿನಲ್ಲಿ ಫ್ರೆಂಚ್ ಮಾದರಿಯ ಹೆಂಚು ಒತ್ತಿಸಿದರು. ಅಂಚಿನಲ್ಲಿ ತೋಡು ಇರುತ್ತದೆ, ಒಂದರ ತೋಡಿಗೆ ಇನ್ನೊಂದು ಕಚ್ಚಿಕೊಳ್ಳುತ್ತದೆ. ಹಿಂದೆ ಮೂಗು ಇರುತ್ತದೆ, ಮಾಡಿನ ರೀಪಿಗೆ (ಮರದ ಪಟ್ಟಿಗೆ) ಸಿಕ್ಕಿಸುವುದಕ್ಕೆ. ಒಂದೇ ಪದರ ಸಾಕು. ಚದರ ಮೀಟರಿಗೆ ಸುಮಾರು 15 ಹೆಂಚು. ನಮ್ಮ ಮಳೆಗೆ ಇದಕ್ಕಿಂತ ದೊಡ್ಡ ಉಪಕಾರ ಯಾರೂ ಮಾಡಿಲ್ಲ. ಮೂರು ವರ್ಷದಲ್ಲಿ, 1868ರಲ್ಲಿ, ಆಲ್ಬುಕರ್ಕ್ ಅವರು ಸ್ವಂತ ಕಾರ್ಖಾನೆ ಹಾಕಿದರು. ಆಮೇಲೆ ಹೊಳೆ ಬದಿಯಲ್ಲಿ ಚಿಮಣಿಗಳೇ ಚಿಮಣಿಗಳು.

ಕುಲಶೇಖರದ ಬಾಯಿ
ನಮ್ಮ ಮನೆಯ ಹೆಂಚು ತೆಗೆದು ಶೀಟು ಹಾಕಿದ್ದಾರೆ ಮಗ. ಈಗ ಮಧ್ಯಾಹ್ನ ಒಳಗೆ ಕೂತರೆ ಬೇಯುತ್ತದೆ. ಹಳೆ ಹೆಂಚು ನೀವೇ ಕೊಂಡುಹೋದದ್ದಾ ಅಂತ ಅನುಮಾನ.

ಹಳೆಹಂಚು
ಬಾಯಿ, ಕುಲಶೇಖರ ಕಡೆ ನಾನು ಬಂದೇ ಇಲ್ಲ. 😄

ಉಡುಪಿ ಮಾಣಿ
ಎಲ್ಲರೂ ಖಾಕಿ ಮರೆತಿರಾ? ಖಾಕಿ ಬಟ್ಟೆ ಕಂಡುಹಿಡಿದದ್ದೇ ಬಲ್ಮಠದಲ್ಲಿ. ಪ್ರಪಂಚದ ಪೊಲೀಸರಿಗೆಲ್ಲ ಡ್ರೆಸ್ ಕೊಟ್ಟದ್ದು ನಮ್ಮ ಮಂಗಳೂರು. ಗುಂಪಿಗೆ ಇದನ್ನೇ ಮೊದಲು ಹೇಳಿ.

ಕಡಲತಡಿ
ದಯವಿಟ್ಟು ಹಾಗೆ ಹೇಳಬೇಡಿ. ಗುಂಪಿನಲ್ಲಿ ಒಬ್ಬ ಇತಿಹಾಸ ಓದಿದವ ಇದ್ದರೆ ಅಲ್ಲೇ ಮರ್ಯಾದೆ ಹೋಗುತ್ತದೆ. ಪೇಶಾವರ ಕಡೆ ಹ್ಯಾರಿ ಲಮ್ಸ್‌ಡೆನ್ ಎಂಬ ಬ್ರಿಟಿಷ್ ಸೇನಾಧಿಕಾರಿ ತನ್ನ ಗೈಡ್ಸ್ ಪಡೆಗೆ ಖಾಕಿ ಹಾಕಿಸಿದ್ದು 1840ರ ದಶಕದ ಕೊನೆಯಲ್ಲಿ. ಬಲ್ಮಠದಲ್ಲಿ ಮಿಷನ್ನಿನ ನೇಯ್ಗೆ ನೋಡಿಕೊಳ್ಳಲು ಹಾಲರ್ ಎಂಬವರು ಬಂದದ್ದು 1851ರಲ್ಲಿ. ಲೆಕ್ಕ ಹಾಕಿ.

ಉಡುಪಿ ಮಾಣಿ
ಲಮ್ಸ್‌ಡೆನ್‌ದು ಕೆಸರಿನಲ್ಲಿ ಅದ್ದಿದ ಬಟ್ಟೆ ಮಾರಾಯ್ರೆ. ಒಂದು ಸಲ ಒಗೆದರೆ ಹೋಗುತ್ತದೆ. ಹಾಲರ್ ಮಾಡಿದ್ದು ಬಣ್ಣ ಹೋಗದ ಬಟ್ಟೆ.

ಮಿಜಾರು ಮೇಷ್ಟ್ರು
ಜಗಳ ಬೇಡ. ಹಾಲರ್ ಬಂದು ಒಳ್ಳೆ ಮಗ್ಗ ಹಾಕಿಸಿದರು, ಬಣ್ಣದ ಮನೆ ಮಾಡಿದರು, ಖಾಕಿ ಬಣ್ಣಕ್ಕೆ ಮಂಗಳೂರು ಹೆಸರಾಯಿತು. ಅಷ್ಟು ಹೇಳಿದರೆ ಸಾಕು. ಕಂಡುಹಿಡಿದವರು, ಪ್ರಪಂಚದಲ್ಲೇ ಮೊದಲು ಅನ್ನುವ ಆಸೆಯನ್ನು ಸ್ವಲ್ಪ ಬದಿಗಿಡಿ. ಹಾಗೆ ಎಳೆದಾಡುವುದಕ್ಕೆ ಹೋಗಿ ನಿಜವಾಗಿ ಮೊದಲಾದದ್ದನ್ನು ಮರೆತುಬಿಡ್ತೀರಿ.

ಪ್ರಶ್ನಾರ್ಥಕ
ನಿಜವಾಗಿ ಮೊದಲಾದದ್ದು ಯಾವುದು ಮೇಷ್ಟ್ರೇ?

ಮಿಜಾರು ಮೇಷ್ಟ್ರು
ಪತ್ರಿಕೆ! ಜುಲೈ 1ಕ್ಕೆ ಪ್ರತಿ ವರ್ಷ ಪತ್ರಿಕಾ ದಿನಾಚರಣೆ ಅಂತ ಭಾಷಣ ಕೇಳ್ತೀರಲ್ಲ, ಅದು ಯಾತಕ್ಕೆ? 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು.

ಮಿಷನ್ನಿನ ಪ್ರೆಸ್ ಶುರುವಾದದ್ದು 1841ರಲ್ಲಿ. ಅದು ಕಲ್ಲಚ್ಚು. ನುಣುಪು ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆಯುವುದು. ಮೇಲೆ ನೀರು ಸವರುವುದು. ಆಮೇಲೆ ಶಾಯಿಯ ರೋಲರ್ ಉರುಳಿಸಿದರೆ ಬರೆದ ಕಡೆ ಮಾತ್ರ ಹಿಡಿಯುತ್ತದೆ, ಒದ್ದೆ ಇದ್ದ ಕಡೆ ಹಿಡಿಯುವುದಿಲ್ಲ. ಕನ್ನಡಕ್ಕೆ ಇದು ದೊಡ್ಡ ಅನುಕೂಲ. ಒತ್ತಕ್ಷರ, ಗುಣಿತ ಎಲ್ಲ ಸೇರಿ ಎಷ್ಟು ಅಚ್ಚುಮೊಳೆ ಬೇಕು ಯೋಚಿಸಿ. ಕಲ್ಲಚ್ಚಿಗೆ ಒಳ್ಳೆ ಕೈಬರಹದವನೊಬ್ಬ ಇದ್ದರೆ ಆಯಿತು. ಮೊಳೆ ಆಮೇಲೆ ಬಂತು.

ಅದೇ ಮೋಗ್ಲಿಂಗ್ ಹಳೆಗನ್ನಡ, ನಡುಗನ್ನಡದ ಓಲೆಗಳನ್ನು ಹುಡುಕಿಸಿ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆ ಅಚ್ಚು ಹಾಕಿದರು. ದುಡ್ಡು ಕೊಟ್ಟದ್ದು ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ದಾಸರ ಪದ, ಬಸವಪುರಾಣ ಎಲ್ಲ ಪಾದ್ರಿಯ ಪ್ರೆಸ್ಸಿನಿಂದ ಬಂತು. ಹಾಸನದವರಿಗೆ ಇದನ್ನು ಹೇಳಿ, ಬೇಲೂರಿನ ಶಿಲ್ಪ ಕೇಳುವುದಿಲ್ಲ.

ಬಲ್ಮಠದವಳು
ಕಿಟ್ಟೆಲ್ ಬಾಕಿ ಉಳಿಯಿತು ಮೇಷ್ಟ್ರೇ.

ಮಿಜಾರು ಮೇಷ್ಟ್ರು
ಕಿಟ್ಟೆಲ್ ಎಲ್ಲರಿಗೂ ಗೊತ್ತು ಅಂತ ಬಿಟ್ಟೆ. 1853ರಲ್ಲಿ ಬಂದರು, ನಿಘಂಟು ಹೊರಬಂದದ್ದು 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ನಿಂದಲೇ. ಸುಮಾರು 70,000 ಶಬ್ದ. ನಡುವೆ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ ಅಚ್ಚು ಹಾಕಿಸಿದರು.

ತುಳುವೆದಿ
ಎಲ್ಲರೂ ಕನ್ನಡ ಕನ್ನಡ ಅಂತಲೇ ಹೇಳ್ತಿದ್ದೀರಿ. ಆ ಸಭೆಯ ಮನೆ ಮಾತು ತುಳು. ಹೊಸ ಒಡಂಬಡಿಕೆ ತುಳುವಿನಲ್ಲಿ 1847ರಲ್ಲೇ ಬಂತು, ಕನ್ನಡ ಲಿಪಿಯಲ್ಲಿ. ಮಿಷನ್ನಿನ ಗ್ರೈನರ್ ಶುರು ಮಾಡಿದ್ದು, ಅಮ್ಮನ್ ಮುಗಿಸಿದ್ದು. ಬ್ರಿಗೆಲ್ ಅವರ ತುಳು ವ್ಯಾಕರಣ 1872. ಮೆನ್ನರ್ ಅವರ ತುಳು-ಇಂಗ್ಲಿಷ್ ನಿಘಂಟು 1886. ಅದೇ ಮೆನ್ನರ್ ಭೂತಗಳ ಪಾಡ್ದನ, ಅಂದರೆ ಕಥೆಯ ಹಾಡುಗಳನ್ನು ಕೂಡ ಸಂಗ್ರಹಿಸಿ ಅಚ್ಚು ಹಾಕಿದರು. ನಾವು ಈಗ ತುಳುವನ್ನು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಸಿ ಅಂತ ಕೇಳುವಾಗ ತೋರಿಸುವ ಹಳೆ ಪುಸ್ತಕಗಳು ಎಲ್ಲಿ ಅಚ್ಚಾದವು? ಬಲ್ಮಠದಲ್ಲಿ.

ಪ್ರಶ್ನಾರ್ಥಕ
ಭೂತಾರಾಧನೆ ಬಿಡಿ ಅಂತ ಉಪದೇಶ ಮಾಡಿದವರೇ ಪಾಡ್ದನ ಬರೆದಿಟ್ಟದ್ದಾ?

ತುಳುವೆದಿ
ಹೌದು. ಎದುರಾಳಿ ಎಂತ ಹಾಡುತ್ತಾನೆ ಅಂತ ತಿಳಿಯಲು ಹೋದವರು ಸರಿಯಾಗಿ ಬರೆದುಕೊಂಡು ಬಂದರು. ಕಾರಣ ಏನೇ ಇರಲಿ, ನಮಗೆ ಪಾಡ್ದನ ಉಳಿಯಿತು. ನಮ್ಮವರು ಆಗ ಬರೆದಿಟ್ಟಿರಲಿಲ್ಲ ಅಲ್ವಾ?

ಕಡಲತಡಿ
ಇದೆಲ್ಲ ಸರಿ. ಆದರೆ ಮೂಲ ಪ್ರಶ್ನೆ ಚರ್ಚಿನೊಳಗೆ ಎಂತ ನೋಡುವುದು ಅಂತ. ನೀವೆಲ್ಲ ಚರ್ಚಿನ ಹೊರಗೇ ಸುತ್ತುತ್ತಿದ್ದೀರಿ.

ಬಲ್ಮಠದವಳು
ಒಳಗಿನದ್ದು ನಾನು ಹೇಳುತ್ತೇನೆ. ಚಿಕ್ಕಂದಿನಿಂದ ಅದೇ ಬೆಂಚಿನಲ್ಲಿ ಕೂತವಳು.

ಕೆಥೊಲಿಕ್ ಚರ್ಚಿಗೆ ಹೋದರೆ ಕಣ್ಣು ನೇರ ಬಲಿಪೀಠಕ್ಕೆ ಹೋಗುತ್ತದೆ, ಅದರ ಹಿಂದಿನ ಅಲಂಕಾರಕ್ಕೆ ಹೋಗುತ್ತದೆ. ನಮ್ಮಲ್ಲಿ ಕಿವಿಗೆ ಕೆಲಸ. ಬೈಬಲಿನ ವಾಕ್ಯ ಓದುವುದು, ಪ್ರಸಂಗ (ಪಾದ್ರಿಯ ಉಪದೇಶ), ಹಾಡು. ಬಾಸೆಲ್‌ನಿಂದ ಬಂದವರಲ್ಲಿ ಲುಥೆರನ್ ಪದ್ಧತಿಯವರೂ ಇದ್ದರು, ರಿಫಾರ್ಮ್ಡ್ ಪದ್ಧತಿಯವರೂ ಇದ್ದರು, ಎರಡೂ ಪ್ರೊಟೆಸ್ಟೆಂಟ್ ಪಂಥಗಳೇ. ಭಕ್ತಿಯ ಜೋರು ಜಾಸ್ತಿ, ಶೃಂಗಾರ ಕಡಿಮೆ. ಕೆಲವರು ಹೇಳುವ ಹಾಗೆ ದುಡ್ಡಿಲ್ಲದೆ ಗೋಡೆ ಖಾಲಿ ಬಿಟ್ಟದ್ದಲ್ಲ. ಬೇಕೆಂದೇ ಬಿಟ್ಟದ್ದು.

ಹಾಗಾಗಿ ಗುಂಪನ್ನು ಒಳಗೆ ನಿಲ್ಲಿಸಿ ಫೋಟೊ ತೆಗೆಸುವುದಕ್ಕಿಂತ ಕೂರಿಸಿ. ಪುಲ್ಪಿಟ್ (ಪ್ರಸಂಗ ಹೇಳುವ ಪೀಠ) ಎಲ್ಲಿ ಉಂಟು, ಬೆಂಚು ಯಾವ ಕಡೆ ತಿರುಗಿ ಉಂಟು ನೋಡಲಿಕ್ಕೆ ಹೇಳಿ. ಇಡೀ ಕಟ್ಟಡ ಒಬ್ಬರು ಮಾತಾಡಿದರೆ ಎಲ್ಲರಿಗೂ ಕೇಳಬೇಕು ಅಂತ ಕಟ್ಟಿದ್ದು. ಆಗ ಮೈಕ್ ಇರಲಿಲ್ಲವಲ್ಲ. ಹಾಡು ಕೇಳುವ ಅವಕಾಶ ಸಿಕ್ಕಿದರೆ ಬಿಡಬೇಡಿ. ಜರ್ಮನ್ ರಾಗಕ್ಕೆ ಕನ್ನಡದ, ತುಳುವಿನ ಮಾತು ಕೂರಿಸಿ ನಾಲ್ಕು ಸ್ವರದಲ್ಲಿ ಹಾಡುತ್ತಾರೆ. ನಮ್ಮ ದೊಡ್ಡಮ್ಮನಿಗೆ ಸಂಗೀತ ಶಾಲೆ ಗೊತ್ತಿಲ್ಲ, ಆಲ್ಟೊ (ಹೆಂಗಸರ ಕೆಳಗಿನ ಸ್ವರ) ಮಾತ್ರ ತಪ್ಪುವುದಿಲ್ಲ.

ಕುಲಶೇಖರದ ಬಾಯಿ
ನಮ್ಮ ನೆರೆಯವರ ಮದುವೆಗೆ ಅಲ್ಲಿಗೆ ಹೋಗಿದ್ದೆ. ಹಾಡು ಒಳ್ಳೆಯದಿತ್ತು, ಸುಳ್ಳು ಹೇಳಬಾರದು. ಆದರೆ ಒಂದು ಮಾತೆ ಮರಿಯಮ್ಮನವರ ಮೂರ್ತಿ ಇಲ್ಲದೆ ನನಗೆ ಎಲ್ಲಿ ನೋಡಿ ಕೈ ಮುಗಿಯಬೇಕು ಅಂತ ಗೊತ್ತಾಗಲಿಲ್ಲ. ಪ್ರಸಂಗ ಉದ್ದ!

ಜೆಪ್ಪು ಬಾಯ್
ಪ್ರಸಂಗ ಉದ್ದ ಅಂತ ನಾವೂ ಹೇಳ್ತೇವೆ ಬಾಯಿ. 😂

ನಡಿಗೆದಾರ
ಜೆಪ್ಪು ಬಾಯ್, ಬೆಳೆ ಹಬ್ಬದ ಏಲಂ ಅಂದಿರಲ್ಲ, ಅದೆಂತ?

ಜೆಪ್ಪು ಬಾಯ್
ಫಸಲಿನ ಮೊದಲ ಪಾಲು ದೇವರಿಗೆ ಅಂತ ತರುವುದು. ಮೊದಲೆಲ್ಲ ಗದ್ದೆ, ಹಿತ್ತಿಲು ಇದ್ದಾಗ ಅಕ್ಕಿ ಮುಡಿ, ಬಾಳೆಗೊನೆ, ಮುಳ್ಳುಸೌತೆ, ತೆಂಗಿನಕಾಯಿ, ಊರ ಕೋಳಿ. ಈಗ ಮನೆಯಲ್ಲಿ ಮಾಡಿದ ಕೇಕು, ಉಪ್ಪಿನಕಾಯಿ ಬಾಟ್ಲಿಯೂ ಬರುತ್ತದೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ದುಡ್ಡು ಸಭೆಗೆ.

ಅಜ್ಜನ ಕಥೆ ಇದು. ಒಂದು ಹುಂಜ. ಅಜ್ಜನಿಗೂ ಭಾವನಿಗೂ ಹಟ. ಇವರು ಏರಿಸಿದರು, ಅವರು ಏರಿಸಿದರು. ಕೊನೆಗೆ ಭಾವ ಗೆದ್ದರು. ಹಗ್ಗ ಸಡಿಲ ಇತ್ತು, ಹುಂಜ ಹಾರಿ ಅಯ್ಯನವರ (ಪಾದ್ರಿಯ) ಮನೆಯ ಮಾಡಿನ ಮೇಲೆ ಕೂತಿತು. ಅದನ್ನು ಇಳಿಸಲಿಕ್ಕೆ ಹೋಗಿ ಒಡೆದದ್ದು ಬಾಸೆಲ್ ಮಿಷನ್ ಹೆಂಚು. ಅಜ್ಜ ತಾನು ಮಾಡಿದ ಹೆಂಚೇ ಅದು ಅಂತ ಸಾಯುವವರೆಗೆ ಹೇಳ್ತಿದ್ರು.

ಹಳೆಹಂಚು
ಆ ಹೆಂಚಿನ ಮೇಲೆ 1865 ಅಂತ ಇತ್ತಾ? 😉

ಉಡುಪಿ ಮಾಣಿ
ಮಂಗಳೂರಿನವರೇ ಮಾತಾಡಿದರೆ ಹೇಗೆ? ನಮ್ಮ ಉಡುಪಿಯ ಮಿಷನ್ ಕಂಪೌಂಡಿಗೂ ಬನ್ನಿ. ಜುಬಿಲಿ ಚರ್ಚ್ ಉಂಟು. ಮಿಷನ್ ಆಸ್ಪತ್ರೆ ಉಂಟು, ಲೊಂಬಾರ್ಡ್ ಆಸ್ಪತ್ರೆ ಅಂತ. 1923ರಲ್ಲಿ ಡಾಕ್ಟರ್ ಎವಾ ಲೊಂಬಾರ್ಡ್ ಶುರು ಮಾಡಿದ್ದು. ಹೆರಿಗೆಗೆ ಹೆಂಗಸು ಡಾಕ್ಟರ್ ಬೇಕು ಅಂದರೆ ಆಗ ಸುತ್ತಮುತ್ತಲ ಹಳ್ಳಿಗಳಿಗೆ ಅದೇ ಗತಿ. ನಮ್ಮ ತಂದೆ ಹುಟ್ಟಿದ್ದೂ ಅಲ್ಲೇ. ಅಷ್ಟಮಠದ ಬೀದಿಯ ಮನೆಯಿಂದ ಎತ್ತಿನ ಗಾಡಿಯಲ್ಲಿ ಕರೆದುಕೊಂಡು ಹೋದರಂತೆ, ಮಡಿ ಗಿಡಿ ಎಲ್ಲ ಆ ದಿನ ಬದಿಗೆ.

ನಡಿಗೆದಾರ
ಉಡುಪಿ ಇನ್ನೊಂದು ಸಲ ಮಾಣಿ. ಕಾಲು ಎರಡೇ ಇರುವುದು.

ಇನ್ನೊಂದು ಡೌಟು. ಬಾಸೆಲ್ ಮಿಷನ್ ಚರ್ಚ್ ಅಂತೀರಿ, ಬೋರ್ಡಿನಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅಂತ ಉಂಟು. ಸೇಂಟ್ ಪಾಲ್ಸ್‌ಗೂ ಸಿಎಸ್‌ಐ ಅಂತ ಉಂಟು. ಇದು ಹೇಗೆ?

ಮಿಜಾರು ಮೇಷ್ಟ್ರು
1914ರಲ್ಲಿ ಮೊದಲ ಮಹಾಯುದ್ಧ ಬಂತು. ಜರ್ಮನರು ಬ್ರಿಟಿಷರ ಕಣ್ಣಿಗೆ ಶತ್ರುಗಳಾದರು. ಪಾದ್ರಿಗಳನ್ನು ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಹಾಕಿದರು, ಆಮೇಲೆ ಊರಿಗೆ ಕಳುಹಿಸಿದರು. ಕಾರ್ಖಾನೆಗಳು ಸರ್ಕಾರದ ಕೈಗೆ ಹೋಗಿ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಸಭೆಗಳು ಒಮ್ಮೆಲೇ ತಮ್ಮ ಕಾಲ ಮೇಲೆ ನಿಲ್ಲಬೇಕಾಯಿತು. ಎಂಬತ್ತು ವರ್ಷ ಹೊರಗಿನವರು ನಡೆಸಿದ್ದನ್ನು ಊರಿನ ಪಾದ್ರಿಗಳು, ಹಿರಿಯರು ಹೊತ್ತುಕೊಂಡರು. ನನಗೆ ಕೇಳಿದರೆ ಈ ಚರ್ಚ್ ನಿಜಕ್ಕೂ ಊರಿನದ್ದಾದದ್ದು ಆಗ.

ಸಿಎಸ್‌ಐ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಅಂತ ಬೇರೆ ಬೇರೆ ಇದ್ದವರು ಒಂದಾದರು. ನಮ್ಮ ಕಡೆಯ ಬಾಸೆಲ್ ಸಭೆಗಳು ಕೂಡಲೇ ಸೇರಲಿಲ್ಲ, ತಡವಾಗಿ ಸೇರಿದವು. ಯುಬಿಎಂಸಿ (ಯುನೈಟೆಡ್ ಬಾಸೆಲ್ ಮಿಷನ್ ಚರ್ಚ್) ಅಂತ ಬೋರ್ಡು ಇರುವ ಚರ್ಚುಗಳು ಈಗಲೂ ಇವೆ. ಹಾಗಾಗಿ ಬ್ರಿಟಿಷ್ ಸೈನಿಕರ ಸೇಂಟ್ ಪಾಲ್ಸ್, ಜರ್ಮನ್ ಮಿಷನ್ನಿನ ಶಾಂತಿ ಎರಡೂ ಈಗ ಒಂದೇ ಸಭಾಪ್ರಾಂತ. ಅದರ ಬಿಷಪ್ ಪೀಠ ಬಲ್ಮಠದಲ್ಲಿ ಇರುವುದರಿಂದ ಇದು ಕೆಥೆಡ್ರಲ್.

ಕಡಲತಡಿ
ನೋಡಿ, ಅಣ್ಣ ಸೇಂಟ್ ಪಾಲ್ಸ್, ಪೀಠ ಮಾತ್ರ ತಮ್ಮನಿಗೆ.

ಬಲ್ಮಠದವಳು
ಅಣ್ಣನ ಮನೆಗೆ ಊರಿನವರನ್ನು ಆಗ ಬಿಡ್ತಿದ್ರಾ ಅಂತ ಮೊದಲು ಹೇಳಿ.

ಗಾಡಿಗುರು
ಎಲ್ಲ ಸರಿ, ಬಲ್ಮಠದಲ್ಲಿ ಗಾಡಿ ಎಲ್ಲಿ ಪಾರ್ಕ್ ಮಾಡ್ತೀರಿ? ಭಾನುವಾರ ಬಿಟ್ಟು ಬೇರೆ ದಿನ ಆ ರಸ್ತೆಯಲ್ಲಿ ನಿಂತರೆ ಹಿಂದಿನವರ ಹಾರ್ನ್ ಕೇಳಿ ಕಿಟ್ಟೆಲ್ ನಿಘಂಟಿನಲ್ಲಿ ಇಲ್ಲದ ಶಬ್ದಗಳೆಲ್ಲ ಕಲಿಯಬಹುದು.

ಮಾಡರೇಟರ್
ಪಾರ್ಕಿಂಗಿಗೆ ಬೇರೆ ಥ್ರೆಡ್ ಉಂಟು, ಅದೇ ಮುಗಿಯುತ್ತಿಲ್ಲ. ಇಲ್ಲಿಗೆ ತರಬೇಡಿ.

ಬಲ್ಮಠದವಳು
ಭಾನುವಾರ ಅಂದಿರಿ, ಅದಕ್ಕೆ ಒಂದು ಮಾತು. ಬೆಳಿಗ್ಗೆ ಆರಾಧನೆ ಇರುತ್ತದೆ. ಮಧ್ಯದಲ್ಲಿ ಇಪ್ಪತ್ತು ಜನ ಒಳಗೆ ನುಗ್ಗಿ ಮೊಬೈಲ್ ಎತ್ತಿದರೆ ಯಾರಿಗೂ ಖುಷಿಯಾಗುವುದಿಲ್ಲ. ಮೊದಲೇ ಕಚೇರಿಯಲ್ಲಿ ಕೇಳಿ, ಆರಾಧನೆ ಮುಗಿಯುವ ಹೊತ್ತಿಗೆ ಬನ್ನಿ. ಇಲ್ಲವೇ ಶುರುವಿಗೇ ಬಂದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಹಾಡು ಕೇಳಿ. ಪಕ್ಕದಲ್ಲೇ ಕರ್ನಾಟಕ ಥಿಯಾಲಜಿಕಲ್ ಕಾಲೇಜು. 1847ರಲ್ಲಿ ಶುರುವಾದ ಪಾದ್ರಿಗಳ ಶಾಲೆಯ ಮುಂದುವರಿಕೆ ಅದು. ಅದರ ದಾಖಲೆ ಸಂಗ್ರಹದಲ್ಲಿ ಬಾಸೆಲ್ ಮಿಷನ್ನಿನ ಹಳೆ ಮುದ್ರಣಗಳು ಉಂಟು. ಭಾನುವಾರ ತೆರೆದಿರುತ್ತದೆ ಅಂತ ನೆಚ್ಚಬೇಡಿ, ಮೊದಲೇ ಅನುಮತಿ ಕೇಳಿ.

ನಡಿಗೆದಾರ
ಹಾಗಾದರೆ ಶನಿವಾರಕ್ಕೆ ಬದಲಾಯಿಸುತ್ತೇನೆ. ದಾರಿ ಹೀಗೆ: ಸೇಂಟ್ ಪಾಲ್ಸ್‌ನಿಂದ ಶುರು. ಹಂಪನಕಟ್ಟೆ, ಮಿಲಾಗ್ರಿಸ್. ಅಲ್ಲಿಂದ ಬಾವುಟಗುಡ್ಡೆ ಹತ್ತಿ ಅಲೋಶಿಯಸ್. ಇಳಿದು ಜ್ಯೋತಿ ಸರ್ಕಲ್ ದಾಟಿ ಬಲ್ಮಠ. ಚಿತ್ರ ತುಂಬಿದ ಚಾಪೆಲ್ ನೋಡಿದ ಮೇಲೆಯೇ ಸಾದಾ ಚರ್ಚಿಗೆ ಬರುವುದು ಒಳ್ಳೆಯದು ಅಂತ ಕಾಣುತ್ತದೆ. ಯಾಕೆ ಖಾಲಿ ಅಂತ ಅವರೇ ಕೇಳ್ತಾರೆ, ಆಗ ಬಲ್ಮಠದವಳು ಹೇಳಿದ್ದನ್ನು ಹೇಳ್ತೇನೆ. ಮೇಷ್ಟ್ರ ಪ್ರೆಸ್ ಕಥೆ ಕಾಲೇಜಿನ ಅಂಗಳದಲ್ಲಿ.

ಕಡಲತಡಿ
ಸೇಂಟ್ ಪಾಲ್ಸ್‌ನಲ್ಲಿ ‘ಅತಿ ಹಳೆಯದು’ ಅಂತ ಹೇಳ್ತೀರಲ್ಲ?

ನಡಿಗೆದಾರ
‘ಅತಿ ಹಳೆಯ ಕಟ್ಟಡ’ ಅಂತ ಅಲ್ಲಿ. ‘ಅತಿ ಹಳೆಯ ಸಭೆ’ ಅಂತ ಬಲ್ಮಠದಲ್ಲಿ.

ಬಲ್ಮಠದವಳು
ಒಪ್ಪಿದೆ.

ಕಡಲತಡಿ
ನಾನು ಒಪ್ಪಿಲ್ಲ, ಆದರೆ ಶನಿವಾರ ಬರ್ತೇನೆ.

ಹಳೆಹಂಚು
ಒಂದು ಹೆಂಚು ಕೈಯಲ್ಲಿ ಹಿಡಿದು ತೋರಿಸಬೇಕಾದರೆ ನನ್ನ ಹತ್ತಿರ ಉಂಟು, ತರ್ತೇನೆ. ಎರಡೂವರೆ ಕಿಲೋ ತೂಕ, ಗುಡ್ಡೆ ಹತ್ತುವಾಗ ಹೊರುವವರು ಯಾರು ಅಂತ ಮೊದಲೇ ನಿಶ್ಚಯ ಮಾಡಿ.